ಕೆರೆಯಾಚೆಯ ಟೆಂಟಿಗೆ ಬಂದ ಅಳಿಯ

ನಾನು ಎಲ್ಲಿಗೆ ಹೋದರೂ ಕೆಲಸಕ್ಕಿಂತ ಮೊದಲು ನೆಂಟಸ್ತಿಕೆ ಅಡ್ಡ ಬರುತ್ತದೆ. ಬಳ್ಳಾರಿಯಿಂದ ಬಂದು ವಿಜಯವಾಡದಲ್ಲಿ ನೆಲೆಸಿ, ವಿಶಾಖಪಟ್ಟಣದ ಕಡೆಯ ಹುಡುಗಿಯನ್ನು ಮದುವೆಯಾದವನಿಗೆ ಇದು ತಪ್ಪಿದ್ದಲ್ಲ. ನನ್ನ ಕೆಲಸ ಬೆಂಜ್ ಸರ್ಕಲ್ ಹತ್ತಿರದ ಒಂದು ಪ್ರವಾಸ ಕಂಪನಿಯಲ್ಲಿ. ಊರಾಚೆ ಟೆಂಟ್ ಹಾಕಿರುವ ಜಾಗಗಳಿಗೆ ಹೋಗಿ ತಂಗಿ, ಅಲ್ಲಿಗೆ ಗಿರಾಕಿಗಳನ್ನು ಕಳಿಸಬಹುದೋ ಬೇಡವೋ ಹೇಳಬೇಕು.

ಹೀಗೇ ಒಮ್ಮೆ ವಿಶಾಖಪಟ್ಟಣದ ಬೆಟ್ಟಗಳ ಹಿಂದಿನ ಒಂದು ಕೆರೆಗೆ ಹೋದೆ. ಕೆರೆಯ ಈಚೆ ದಡದಲ್ಲಿ ಊರು, ಆಚೆ ಕಾಡು. ಟೆಂಟುಗಳಿರುವುದು ಆಚೆ. ರಸ್ತೆಯಿಲ್ಲ, ದೋಣಿಯೇ ಗತಿ. ಟೆಂಟಿನ ಯಜಮಾನ ಚೆನ್ನಾಗಿ ನಡೆಯುತ್ತಿದ್ದ ಟಿಫಿನ್ ಅಂಗಡಿ ಮುಚ್ಚಿ ಇದಕ್ಕೆ ಇಳಿದಿದ್ದ. ನಾನು ಹೂಂ ಅಂದರೆ ಚಳಿಗಾಲವೆಲ್ಲ ಗಿರಾಕಿ, ಉಹೂಂ ಅಂದರೆ ಮತ್ತೆ ಇಡ್ಲಿ. ನಮ್ಮ ಗಿರಾಕಿಗಳು ಕೇಳುವುದು ಒಂದೇ: ಏಕಾಂತ.

ಹುಟ್ಟು

ಗಿರಾಕಿಗಳು ತಾವೇ ಹುಟ್ಟು ಹಾಕಿಕೊಂಡು ಹೋಗಬಹುದೇ ಎಂದು ನೋಡಲು ಹುಟ್ಟನ್ನು ನಾನೇ ಹಿಡಿದೆ. ಎದುರಿಗೆ ಕೂತ ಯಜಮಾನ ಮಾತಿಗೆಂದು ಕೇಳಿದ, "ಬಾಬು, ನಿಮ್ಮ ಅತ್ತೆ ಮನೆ ಯಾವ ಊರು?"

ಹೇಳಿದೆ. ಅವನ ಮುಖ ಬಿಳುಚಿಕೊಂಡಿತು.

"ಅಯ್ಯೋ, ಅದು ನಮ್ಮ ಕಡೆಯದೇ ಊರು! ಅಂದ್ರೆ ನೀವು ನಮಗೂ ಅಲ್ಲುಡುಗಾರು!" ಎಂದವನೇ ಹುಟ್ಟು ಕಿತ್ತುಕೊಂಡ. ದೋಣಿ ಒಂದು ಸುತ್ತು ತಿರುಗಿತು. "ಅಳಿಯನ ಕೈಲಿ ದೋಣಿ ನಡೆಸಿದೆ ಅಂದ್ರೆ ನಾನು ಊರಲ್ಲಿ ತಲೆ ಎತ್ತೋ ಹಾಗಿಲ್ಲ."

"ನಾನು ಪರೀಕ್ಷೆ ಮಾಡಬೇಕಲ್ರೀ?"

"ಮಾಡಿ ಬಾಬು. ಹುಟ್ಟು ನಾನು ಹಾಕ್ತೀನಿ. ಸುಸ್ತಾಯ್ತು ಅಂತ ನೀವು ಬರ್ಕೊಳ್ಳಿ."

ನೆಲ

ಟೆಂಟು ಹಾಕಿದ ಜಾಗ ಚೆನ್ನಾಗಿತ್ತು, ನೀರು ನಿಲ್ಲದಂಥ ಎತ್ತರ. ನೆಲದ ಕಲ್ಲು ಬೆನ್ನಿಗೆ ಒತ್ತುತ್ತದೆಯೇ ಎಂದು ಚಾಪೆ ಹಾಸಿ ಮಲಗಿ ನೋಡುವುದು ನನ್ನ ಪದ್ಧತಿ. ಅಷ್ಟರಲ್ಲಿ ಯಜಮಾನ ಮನೆಗೆ ಫೋನ್ ಮಾಡಿ ಆಗಿತ್ತು; ಚಾಪೆ ಬಿಚ್ಚುವಷ್ಟರಲ್ಲಿ ಇನ್ನೊಂದು ದೋಣಿ ಬಂತು. ಅದರಲ್ಲಿ ಕಬ್ಬಿಣದ ಮಂಚ, ಮಂಚದ ಮೇಲೆ ಯಜಮಾನನ ಹೆಂಡತಿ, ಆಕೆಯ ಮಡಿಲಲ್ಲಿ ದಿಂಬು. ಮಂಚ ಟೆಂಟಿನೊಳಗೆ ಹಿಡಿಸಲಿಲ್ಲ. ಗಂಡ ಹೆಂಡತಿ ಸೇರಿ ಟೆಂಟನ್ನೇ ಕಿತ್ತು ಮಂಚದ ಮೇಲೆ ಹೊದಿಸಿ, ನನ್ನನ್ನು ಮಲಗಿಸಿದರು.

"ಕಲ್ಲು ಒತ್ತುತ್ತಾ ಬಾಬು?" ಆಕೆ ಕೇಳಿದಳು.

"ಇಲ್ಲಮ್ಮ."

"ನೋಡಿ, ನಮ್ಮ ನೆಲ ಅಷ್ಟು ಮೆತ್ತಗೆ!"

ಏಕಾಂತ

"ಸಂಜೆ ಸ್ವಲ್ಪ ಹೊತ್ತು ನನ್ನನ್ನು ಒಬ್ಬನೇ ಬಿಡಿ, ಎಲ್ಲಕ್ಕಿಂತ ಇದೇ ಮುಖ್ಯ" ಎಂದು ಕೈ ಮುಗಿದು ಹೇಳಿದೆ. ಇಬ್ಬರೂ ಹೋದರು. ನೀರಿನ ಕಡೆ ಮುಖ ಮಾಡಿ ಕೂತೆ. ಸಾಲಾಗಿ ದೋಣಿಗಳು ಬರುತ್ತಿದ್ದವು. ಅಳಿಯನನ್ನು ಒಂಟಿಯಾಗಿ ಕೂರಿಸಿದರೆ ಮರ್ಯಾದೆಯಲ್ಲವೆಂದು ಊರ ಹಿರಿಯರು ಉದ್ದಿನ ವಡೆ, ಕೋಳಿ ಸಾರು ಹೊತ್ತು ಬಂದಿಳಿದರು.

"ಏನು ಮಾಡ್ತಾ ಇದ್ದೀರಿ?" ಒಬ್ಬರು ಕೇಳಿದರು.

"ಇಲ್ಲಿ ಏಕಾಂತ ಇದೆಯಾ ಅಂತ ನೋಡ್ತಿದ್ದೀನಿ."

"ನಾವೂ ನೋಡ್ತೀವಿ. ಎಲ್ಲರೂ ಸೇರಿದರೆ ಬೇಗ ಮುಗಿಯುತ್ತೆ."

ಬ್ರಹ್ಮಚಾರಿ

ಮರುದಿನ ಯಜಮಾನನಿಗೆ ನಿಜ ಹೇಳಿದೆ: ಜಾಗ ಚೆಂದ, ಏಕಾಂತ ಮಾತ್ರ ಸಿಗಲಿಲ್ಲ, ಪಾಸ್ ಮಾಡಲಾರೆ. ಅವನ ಮುಖ ನೋಡಿ ಪಾಪ ಎನಿಸಿತು.

"ಬೇರೆಯವರನ್ನ ಕಳಿಸಿ ನೋಡಿ ಬಾಬು. ಅತ್ತೆ ಮನೆಯೇ ಇಲ್ಲದೋರನ್ನ" ಎಂದ.

ಮಾತು ನ್ಯಾಯವಾಗಿತ್ತು. ನಮ್ಮ ಆಫೀಸಿನಲ್ಲಿದ್ದ ಒಬ್ಬನೇ ಬ್ರಹ್ಮಚಾರಿ ಧಾರವಾಡದವನು, ಅವನನ್ನು ಕಳಿಸಿದೆವು. ಒಂದು ರಾತ್ರಿಗೆಂದು ಹೋದವನು ವಾರವಾದರೂ ಪತ್ತೆಯಿಲ್ಲ. ಫೋನ್ ಮಾಡಿದೆ.

"ಏಕಾಂತ ಸಿಕ್ತೇನಪ್ಪಾ?"

"ಭಾಳ ಸಿಕ್ತ್ರಿ ಸರ. ನೋಡಾಕ ಬಂದಿದ್ದ ಊರಾಗಿನ ಮಂದಿ ಎಲ್ಲಾ ದೋಣಿ ಹತ್ತಿ ಹ್ವಾದ್ರು. ನಮ್ಮಿಬ್ಬರನ್ನ ಬಿಟ್ಟು ಒಂದು ನರಪಿಳ್ಳೆ ಇರಲಿಲ್ಲ."

"ಇಬ್ಬರಾ? ಇನ್ನೊಬ್ಬರು ಯಾರು?"

"ಯಜಮಾನರ ಮಗಳ್ರಿ. ಹುಡುಗ ಹುಡುಗಿ ಮಾತಾಡ್ಲಿ ಅಂತ ಬಿಟ್ಟು ಹೋಗಿದ್ರು."

ನಾನು ಸುಧಾರಿಸಿಕೊಂಡು ಕೇಳಿದೆ, "ಅದಿರಲಿ, ಜಾಗ ಪಾಸೋ ಫೇಲೋ?"

"ಪಾಸ್ ರೀ ಸರ. ಆದ್ರ ಈ ಚಳಿಗಾಲ ಗಿರಾಕಿ ಕಳಸಬ್ಯಾಡ್ರಿ. ನಮ್ಮ ಲಗ್ನಕ್ಕ ಬರೋ ಬೀಗರಿಗೇ ಟೆಂಟ್ ಸಾಲವಲ್ವು."