ಬೀಗಿತ್ತಿಯ ನೀಲಿ ಗೌನು

ಇವತ್ತು ಬೀಗಿತ್ತಿಯ ನೀಲಿ ಗೌನನ್ನು ನೀಲಿಯಾಗಿಯೇ ತೋರಿಸದಿದ್ದರೆ ತನ್ನ ಹೆಸರು ವೊಯಿನ್ ಅಲ್ಲ! ಚಾಚಕ್ ಪಟ್ಟಣದ ನಿವೃತ್ತ ಭೂಗೋಳ ಮೇಷ್ಟ್ರು ಕಾಫಿಗೆ ಮುಂಚೆಯೇ ಹೀಗೆ ಭೀಷಣ ಶಪಥ ಮಾಡಿ ಟಿವಿಯ ಮುಂದೆ ಮಂಡಿಯೂರಿದರು.

ಮಗಳ ಮದುವೆಗೆ ಬೀಗಿತ್ತಿ ದೆಸಾಂಕಾ ಆಸೆಪಟ್ಟು ನೀಲಿ ರೇಷ್ಮೆಯ ಗೌನು ಹೊಲಿಸಿದ್ದರು. ಮದುವೆಯ ಡಿಸ್ಕನ್ನು ಅವರ ಮನೆಯಲ್ಲಿ ಹಾಕಿ ನೋಡಿದರೆ ಗೌನು ಕಪ್ಪೋ ಕಪ್ಪು! "ಮಗನ ಮದ್ವೆಗೆ ಸೂತಕದ ಬಟ್ಟೆ ಹಾಕ್ಕೊಂಡ್ ಬಂದ್ಳು ಅಂತಾರೆ ಜನ!" ಎಂದು ಆಕೆ ಹಾರಾಡಿದರು. ವಿಡಿಯೊದವನನ್ನು ಗೊತ್ತುಮಾಡಿದ್ದು ವೊಯಿನ್. ಅಂದಿನಿಂದ ಮಾತುಕತೆ ಬಂದ್. ಮಗಳು ತವರಿಗೆ ಫೋನ್ ಮಾಡಬೇಕೆಂದರೂ ಬಚ್ಚಲಲ್ಲಿ ಅವಿತುಕೊಳ್ಳಬೇಕಿತ್ತು.

ಈ ದಿನ ವೊಯಿನ್ ಮನೆತನದ ಸಂತನ ಹಬ್ಬ, ಸ್ಲಾವಾ. ಅದಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬರುವವರು ತಾವಾಗಿಯೇ ಬರುತ್ತಾರೆ. ಬಾರದಿದ್ದರೆ ನಂಟು ಹರಿಯಿತೆಂದೇ ಅರ್ಥ. ಬೀಗಿತ್ತಿ ಬರುತ್ತಾರೆಂದು ಮಗಳು ಪಿಸುಗುಟ್ಟಿದ್ದಳು.

"ರೀ, ಒಂದ್ ಕಡೆ ಕೂತ್ಕೊಳ್ರೀ! ನಿಮ್ಮ ಒದ್ದಾಟ ನೋಡ್ತಾ ನನ್ನ ಮೀನು ಸೀದುಹೋಗತ್ತೆ" ಎಂದರು ಹೆಂಡತಿ ಸ್ಲಾವಿತ್ಸಾ.

"ನಿಂಗೇನೇ ಗೊತ್ತು? ಈ ಟಿವಿ ನೆತ್ತಿ ಮೇಲೊಂದು ಕಣ್ಣಿದೆ. ಕೋಣೆ ಕತ್ಲಾದ್ರೆ ಚಿತ್ರಾನೂ ತಾನಾಗೇ ಮಂಕಾಗತ್ತೆ. ಬೀಗರ ಮನೇಲೂ ಇದೇ ಟಿವಿ. ಕೊಂಡ್ಕೊಳ್ಳೋಕೆ ಬರತ್ತೆ, ತಿದ್ದೋಕೆ ಬರಲ್ಲ!"

ಪ್ಲೇಯರಿನ ಮೆನುವಿಗೊಮ್ಮೆ, ಟಿವಿಯ ಮೆನುವಿಗೊಮ್ಮೆ ಜಿಗಿಯುತ್ತಾ ಮೇಷ್ಟ್ರು ಹೊಳಪು ಏರಿಸಿದರು, ಬಣ್ಣ ಇಳಿಸಿದರು. ಪಾದ್ರಿಯ ಗಡ್ಡ ಹಸಿರಾಯಿತು. ಸ್ವಂತ ಮಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದಳು. ಮಧ್ಯಾಹ್ನದ ಹೊತ್ತಿಗೆ, ಅಬ್ಬಾ, ಗೌನು ನೀಲಿಯಾಯಿತು! ಮೇಷ್ಟ್ರು ಒಂದು ಗುಟುಕು ರಾಕಿಯಾ ಮದ್ಯ ಏರಿಸಿ ಅಂಗಿ ಬದಲಿಸಲು ಹೋದರು.

ಅಷ್ಟರಲ್ಲಿ ಸ್ಲಾವಿತ್ಸಾ ತಾವೇ ಹೆಣೆದ ಬಿಳಿ ಲೇಸನ್ನು ಟಿವಿಗೆ ಹೊದಿಸಿದರು. ಹಬ್ಬದ ದಿನ ನೆಂಟರೆದುರು ಬೋಳು ಟಿವಿಯೇ? ಉಂಟೇ ಎಲ್ಲಾದರೂ!

ಮೇಷ್ಟ್ರು ಮರಳಿ ಬಂದು ನೋಡಿದರೆ, ಗೌನು ಮತ್ತೆ ಕಪ್ಪು! ಮೆಟ್ಟಿಲ ಮೇಲೆ ಬೀಗಿತ್ತಿಯ ಹೆಜ್ಜೆ ಸದ್ದು ಬೇರೆ. ಲೇಸನ್ನು ಗಮನಿಸದೆಯೇ ಹೊಳಪು, ಬಣ್ಣ ಎಲ್ಲವನ್ನೂ ತುತ್ತತುದಿಗೆ ಏರಿಸಿದರು. ಹೇಗೋ ಒಂದಿಷ್ಟು ನೀಲಿ ಇಣುಕಿತು.

ದೆಸಾಂಕಾ ಬಂದರು. ಹಬ್ಬದ ಸಿಹಿಗೋಧಿಯನ್ನು ಒಂದು ಚಮಚ ಬಾಯಿಗಿಟ್ಟು ಬಿಗುಮಾನದಿಂದ ಕೂತರು. ಡಿಸ್ಕ್ ಓಡಿತು.

"ನೀಲಿ!" ಬೀಗಿತ್ತಿಯ ಮುಖ ಅರಳಿತು. "ಆದ್ರೆ ಈ ಲೇಸು ನನ್ನ ತಲೇನೇ ಮುಚ್ಚಿದ್ಯಲ್ಲ" ಎನ್ನುತ್ತಾ ಎದ್ದು ಅದನ್ನು ಎತ್ತಿದರು.

ಟಿವಿ ಧಗ್ಗೆಂದಿತು! ಗೌನು ಕಣ್ಣು ಕುಕ್ಕಿತು. ತೆರೆಯ ಮೇಲಿನ ಬೀಗಿತ್ತಿಯ ಮುಖ ಸುಟ್ಟ ಕೆಂಪು ಮೆಣಸಿನಕಾಯಿ! ಬೆಚ್ಚಿ ಲೇಸು ಬಿಟ್ಟರೆ ಮಂಕು, ಎತ್ತಿದರೆ ಬೆಂಕಿ.

"ಕಣ್ಣು!" ಮೇಷ್ಟ್ರು ಕೂಗಿದರು. ಪಾಠ ಹೇಳುವ ಚಟ ಬಿಡಬೇಕಲ್ಲ! "ಲೇಸು ಟಿವಿ ಕಣ್ಣು ಮುಚ್ಚಿದೆ, ಬೀಗಿತ್ತಿಯವ್ರೇ! ಕತ್ಲಾಯ್ತು ಅಂತ ಅದು ಮಂಕಾಗತ್ತೆ. ಟಿವಿ ಮೇಲೆ ಲೇಸು ಹೊದಿಸೋರು ಶುದ್ಧ ಪೆದ್ದರು!" ಎಂದು ಹೆಂಡತಿಯನ್ನು ದುರುಗುಟ್ಟಿ ನೋಡಿದರು.

ದೆಸಾಂಕಾ ಲೇಸನ್ನು ಬೆರಳಲ್ಲಿ ಸವರುತ್ತಾ ನಿಧಾನವಾಗಿ ತಿರುಗಿದರು.

"ನಮ್ಮನೇಲೂ ಇಂಥದ್ದೇ ಇದೆಯಲ್ಲ, ಬೀಗರೇ. ಮದ್ವೆ ದಿನ ಉಡುಗೊರೆ ಅಂತ ತಂದು, ನೀವೇ ಕುರ್ಚಿ ಹತ್ತಿ ಟಿವಿಗೆ ಹೊದಿಸಿ ಹೋದ್ರಿ!"

ಮೊದಲು ನಕ್ಕವರು ಯಾರೋ ತಿಳಿಯದು. ಬೀಗಿತ್ತಿಯರಿಬ್ಬರೂ ಒಬ್ಬರ ಹೆಗಲಿಗೊಬ್ಬರು ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಡೆಗೆ ಸ್ಲಾವಿತ್ಸಾ ಮೀನಿನ ತಟ್ಟೆ ಚಾಚುತ್ತಾ ಕೇಳಿದರು:

"ಮೊದ್ಲ ತುಂಡು ಯಾರಿಗೆ ಹಾಕ್ಲಿ ಮೇಷ್ಟ್ರೇ, ನೆಂಟರಿಗೋ, ಶುದ್ಧ ಪೆದ್ದರಿಗೋ?"