‘ಆಕು’ ಅಂದರೆ ತಿರುಗುವ ಫ್ಯಾನು

ಸ್ವಿಚ್ಚು ಒತ್ತುವ ಕಷ್ಟದಿಂದ ಮನುಷ್ಯಕುಲವನ್ನು ಬಿಡುಗಡೆ ಮಾಡಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ಯುಗಾದಿಯ ಮಾರನೇ ದಿನ, ಹೊಸತೊಡಕಿನ ಊಟ ಮುಗಿಸಿ ಮಂಚದ ಮೇಲೆ ಉರುಳಿಕೊಂಡಾಗ. ಸೆಕೆ ಅಂದರೆ ಸೆಕೆ! ಫ್ಯಾನಿನ ಸ್ವಿಚ್ಚು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಏಳೋಣವೆಂದರೆ ಹೊಟ್ಟೆಯೊಳಗಿದ್ದ ಮುದ್ದೆ ಒಪ್ಪಲಿಲ್ಲ. ಮಹಾ ಸಂಶೋಧನೆಗಳೆಲ್ಲ ಹುಟ್ಟುವುದು ಹೀಗೇ ಇರಬೇಕು!

ನನ್ನ ಹೆಸರು ಶಿವಶಂಕರ. ಹುಣಸೂರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿದ್ದೇನೆ. ಹತ್ತೊಂಬತ್ತು ವರ್ಷದಿಂದ ಊರ ಮನೆಗಳಿಗೆಲ್ಲ ವೈರು ಎಳೆದಿದ್ದೇನೆ. ಅಂಥ ನಾನು ಎರಡು ತಿಂಗಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಮೊಬೈಲಿನಲ್ಲಿ ಪಾಠ ನೋಡಿ, ಮೂರು ಸಲ ಬೆರಳು ಸುಟ್ಟುಕೊಂಡು, ಕೊನೆಗೂ ಒಂದು ಸ್ಮಾರ್ಟ್ ಸ್ವಿಚ್ಚು ಮಾಡಿಯೇಬಿಟ್ಟೆ. ಗೋಡೆಗೆ ಅಂಟಿದ ಕಪ್ಪು ಗಾಜಿನ ಹಲಗೆ. ಅದರಲ್ಲೊಂದು ಪುಟ್ಟ ಮೈಕು. ಬಾಯಲ್ಲಿ ಹೇಳಿದರೆ ಸಾಕು, ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ. ಈ ಮನೆಯಲ್ಲಿ ನನ್ನ ಮಾತು ಕೇಳುವ ಮೊಟ್ಟಮೊದಲ ವಸ್ತು!

ನಡುಮನೆಯ ಹಳೇ ಸ್ವಿಚ್ಚುಗಳನ್ನೆಲ್ಲ ಕಿತ್ತು ಅದನ್ನು ಕೂರಿಸಿದೆ. ನನ್ನ ಹೆಂಡತಿ ರಾಣಿ ಸೊಂಟಕ್ಕೆ ಕೈಕೊಟ್ಟು ನೋಡಿದಳು.

“ಒಂದು ಗುಂಡೀನಾದ್ರೂ ಮಡಗ್ರೀ. ಕೈಯಲ್ಲಿ ಆರ್ಸೋಕೆ ಏನೂ ಇಲ್ವಲ್ಲ?”

“ಗುಂಡಿ ಇದ್ದರೆ ಅದು ಸ್ಮಾರ್ಟ್ ಹೇಗಾಗುತ್ತೆ?”

“ಕರೆಂಟ್ ಹೋದ್ರೆ?”

“ಹೋಗಲ್ಲ! ಫ್ಯಾನು, ಲೈಟು ಎಲ್ಲಾ ನೇರವಾಗಿ ಯುಪಿಎಸ್‌ಗೆ ಕೊಟ್ಟಿದ್ದೀನಿ. ಮೇನ್ ಸ್ವಿಚ್ ಆರ್ಸಿದ್ರೂ ಇದು ನಿಲ್ಲಲ್ಲ!”

ಹೀಗೆ ಎದೆಯುಬ್ಬಿಸಿ ಹೇಳಿದ ಈ ಮಾತನ್ನು ನಾಲ್ಕೇ ದಿನದಲ್ಲಿ ನಾನೇ ಶಪಿಸಬೇಕಾಗಿ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಮೊದಲ ತೊಡಕು ನಮ್ಮ ಅತ್ತೆ ಭದ್ರಮ್ಮನವರಿಂದ ಬಂತು. ಮಂಡಿನೋವಿನ ಔಷಧಕ್ಕೆಂದು ಕಟ್ಟೆಮಳಲವಾಡಿಯಿಂದ ಬಂದು ಒಂದು ತಿಂಗಳಿಂದ ನಮ್ಮಲ್ಲೇ ಇದ್ದರು. ಸ್ವಿಚ್ಚಿಗೆ ನಾನು ಕಲಿಸಿದ್ದು ಪುಸ್ತಕದ ಕನ್ನಡ: “ಫ್ಯಾನ್ ಹಾಕು.” ಅತ್ತೆ ಗಾಜಿನ ಮುಂದೆ ನಿಂತು “ಪ್ಯಾನ್ ಆಕು” ಅಂದರು. ಮೌನ. “ಪ್ಯಾನ್ ಆಕಪ್ಪಾ!” ಅಂದರು. ಮೌನ. “ಅಳಿಯಂದ್ರೆ, ನಿಮ್ ಗಾಜ್ಗೆ ಕಿವುಡು ಕಣಪ್ಪ” ಅಂದುಬಿಟ್ಟರು.

ನನಗೆ ಅವಮಾನವಾಯಿತು. ಒಂದು ಇಡೀ ದಿನ ಕೂತು ಅದಕ್ಕೆ ನಮ್ಮ ಸೀಮೆಯ ಮಾತು ಕಲಿಸಿದೆ. ಕಲಿಸಿದ್ದು ಸ್ವಲ್ಪ ಹೆಚ್ಚಾಯಿತು. ಈಗ ಅದಕ್ಕೆ ‘ಫ್ಯಾನ್’ ಅನ್ನುವ ಮಾತೇ ಬೇಡವಾಯಿತು. ಬರೀ ‘ಆಕು’ ಅಂದರೂ ಸಾಕು, ಫ್ಯಾನು ಗರ್ರ್ ಎಂದು ಐದನೇ ನಂಬರಿನಲ್ಲಿ ತಿರುಗಿಬಿಡುತ್ತಿತ್ತು! ‘ಹಾಕಿ’, ‘ಆಕ್ಲಿ’ ಅಂದರೂ ಅಷ್ಟೇ. ನೀವೇ ಯೋಚಿಸಿ. ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ‘ಆಕು’ ಅಂತೀವಿ? ಉಪ್ಪು ಆಕು, ಬೀಗ ಆಕು, ದನಕ್ಕೆ ಹುಲ್ಲು ಆಕು, ಬಟ್ಟೆ ಒಣಗಾಕು! ಅತ್ತೆ ಅಡಿಗೆಮನೆಯಲ್ಲಿ “ಸಾರ್ಗೆ ವಸಿ ಉಳಿ ಆಕು” ಅಂದರೆ ನಡುಮನೆಯಲ್ಲಿ ಬಿರುಗಾಳಿ! ನಿಲ್ಲಿಸಲು “ನಿಲ್ಸು” ಅನ್ನಬೇಕಿತ್ತು. ಮೂರು ಸಲ ಅಂದರೆ ಒಂದು ಸಲ ನಿಲ್ಲುತ್ತಿತ್ತು.

ಸರಿಮಾಡಲು ಸಮಯವಿರಲಿಲ್ಲ. ಯಾಕೆಂದರೆ ಭಾನುವಾರ ಎಚ್.ಡಿ. ಕೋಟೆಯಿಂದ ಮಹದೇವಪ್ಪನವರು ಬರುವವರಿದ್ದರು. ಅಲ್ಲಿ ಅವರು ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದರು. ನಲವತ್ತು ಫ್ಯಾನು, ಇನ್ನೂರು ದೀಪ! ನನ್ನ ಸ್ವಿಚ್ಚನ್ನು ಕಣ್ಣಾರೆ ಕಂಡು ಒಪ್ಪಿದರೆ ಇಡೀ ಮಂಟಪ ನನ್ನದು. ಹಾಗಾಗಿ ಶನಿವಾರ ಮನೆಯಲ್ಲಿ ಫರ್ಮಾನು ಹೊರಡಿಸಿದೆ: “ಅವರು ವಾಪಸ್ ಹೋಗುವವರೆಗೂ ಯಾರೂ ಆ ಎರಡಕ್ಷರ ಆಡಕೂಡದು! ಉಪ್ಪು ‘ಇಡು’ ಅನ್ನಿ, ಬೀಗ ‘ಜಡಿ’ ಅನ್ನಿ!”

“ನಿಮ್ ತಲೇಗೆ ಏನ್ ಜಡೀಲಿ?” ಅಂದಳು ರಾಣಿ.

ಭಾನುವಾರ ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿಗೆ ಹೋಗಿ ಮಹದೇವಪ್ಪನವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದೆ. ಬಿಳೀ ಪಂಚೆ, ಬಿಳೀ ಶರ್ಟು, ಗಂಭೀರ ಮೀಸೆ. ದಾರಿಯುದ್ದಕ್ಕೂ ನನ್ನ ಸಾಧನೆಯನ್ನು ಬಣ್ಣಿಸಿದೆ. ಬಾಗಿಲು ದೂಡಿ ನಡುಮನೆಗೆ ಕಾಲಿಟ್ಟೆ.

ಮಂಚದ ಮೇಲೆ ಸ್ಟೂಲು. ಸ್ಟೂಲಿನ ಮೇಲೆ ನಮ್ಮ ಮಾವ ಸಣ್ಣಬೀರಯ್ಯ! ಅವರ ತಲೆ ಫ್ಯಾನಿನ ರೆಕ್ಕೆಗಳಿಗಿಂತ ಮೇಲಿತ್ತು. ಎಡಗೈ ಎರಡು ರೆಕ್ಕೆಗಳ ನಡುವೆ. ಬಲಗೈಯಲ್ಲಿ ಒದ್ದೆ ಬಟ್ಟೆ. ಹೆಗಲ ಮೇಲಿನ ಟವಲಿನ ಒಂದು ತುದಿ ಕೊರಳಿಗೆ ಸುತ್ತಿತ್ತು, ಇನ್ನೊಂದು ತುದಿ ಫ್ಯಾನಿನ ರೆಕ್ಕೆಯ ಮೇಲೆ ನೇತಾಡುತ್ತಿತ್ತು.

ಆಗಿದ್ದು ಇಷ್ಟು. ನಾನು ಅತ್ತ ಹೋಗುತ್ತಲೇ ಮಾವ ಕಟ್ಟೆಮಳಲವಾಡಿಯಿಂದ ಮಾವಿನಹಣ್ಣಿನ ಚೀಲ ಹೊತ್ತು ಬಂದಿದ್ದಾರೆ. ರಾಣಿ, ಅತ್ತೆ ಇಬ್ಬರೂ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ. ದೊಡ್ಡವರು ಬರುವ ಮನೆಯಲ್ಲಿ ಫ್ಯಾನಿಗೆ ಬಲೆ ಕಟ್ಟಿದೆಯಲ್ಲ ಎಂದು ರೈತನ ಕೈ ಸುಮ್ಮನಿರದೆ ಒರೆಸಲು ಹತ್ತಿದ್ದಾರೆ. ಫರ್ಮಾನಿನ ವಿಷಯ ಅವರಿಗೆ ಯಾರು ಹೇಳಿದ್ದರು?

ಯುಪಿಎಸ್ ಆರಿಸೋಣವೆಂದು ಓಡಲು ಹೊರಟೆ. ಅದು ಮೂಲೆಯಲ್ಲಿತ್ತು. ಮಾವ ಮಂಚವನ್ನು ಫ್ಯಾನಿನ ಕೆಳಕ್ಕೆಳೆದು ಸರಿಯಾಗಿ ಅದರ ಸ್ವಿಚ್ಚಿಗೇ ಒತ್ತಿಸಿ ನಿಲ್ಲಿಸಿದ್ದರು. ಮಂಚ ಸರಿಸಿದರೆ ಸ್ಟೂಲು ಉರುಳುತ್ತದೆ. ಕೂಗಿ ಇಳಿಸೋಣವೆಂದರೆ ಮಾವನಿಗೆ ಎಡಗಿವಿ ಕೇಳುವುದಿಲ್ಲ, ಕೂಗಿಗೆ ಅವರು ಏನುತ್ತರ ಕೊಡುತ್ತಾರೋ! ಗೋಡೆಯ ಕಪ್ಪು ಗಾಜು ಕಿವಿ ನಿಮಿರಿಸಿಕೊಂಡು ಕೂತಿತ್ತು. ಒತ್ತಲು ಅದರಲ್ಲಿ ಒಂದೇ ಒಂದು ಗುಂಡಿ ಇದ್ದಿದ್ದರೆ!

ಹಿಂದಿನಿಂದ ಮಹದೇವಪ್ಪನವರು ಗಂಭೀರವಾಗಿ ಕೇಳಿದರು: “ಚಪ್ಲಿ ಎಲ್ಲಿ ಆ...”

ಹಾರಿ ಅವರ ಬಾಯಿ ಮುಚ್ಚಿದೆ! ನಲವತ್ತು ಫ್ಯಾನು, ಇನ್ನೂರು ದೀಪದ ಮಾಲೀಕರ ಬಾಯಿ, ಮೀಸೆಸಮೇತ ನನ್ನ ಅಂಗೈಯಲ್ಲಿ! ಅವರ ಕಣ್ಣುಗಳು ನಿಂಬೆಹಣ್ಣಿನಷ್ಟಾದವು.

ಅಷ್ಟರಲ್ಲಿ ಹಿತ್ತಿಲ ಬಾಗಿಲಿಂದ ರಾಣಿ ಬಂದಳು. ನನ್ನನ್ನು, ನನ್ನ ಕೈಯಲ್ಲಿದ್ದ ಮೀಸೆಯನ್ನು, ಮೇಲಿದ್ದ ಅಪ್ಪನನ್ನು ಒಮ್ಮೆ ನೋಡಿದಳು. ಆದರೆ ಚೀರಲಿಲ್ಲ. ಅವಳ ಹಿಂದೆಯೇ ಅತ್ತೆ “ರಾಣೀ, ಎಲೆ ಆ...” ಅನ್ನುತ್ತ ಬಂದರು. ರಾಣಿಯ ಕೈ ಹಿಂದಕ್ಕೆ ಚಾಚಿ ಅವರ ಬಾಯಿಯ ಮೇಲೆ ಕೂತಿತು. ತಿರುಗಿ ನೋಡುವ ಅಗತ್ಯವೂ ಅವಳಿಗೆ ಬೀಳಲಿಲ್ಲ!

ಮಾವ ಮೇಲಿಂದ ನಮ್ಮನ್ನು ಕಂಡು ಹಲ್ಲು ಬಿಟ್ಟರು. “ಬಂದ್ರಾ ಅಳಿಯಂದ್ರೆ? ನೋಡಿ, ಎಂಗ್ ಪಳಪಳ ಅಂತದೆ! ಅವ್ವಾ ರಾಣಿ, ಆ ಬಕೀಟ್ಗೆ ವಸಿ ನೀರು...”

ಮುಂದಿನ ಪದ ಯಾವುದೆಂದು ನಮ್ಮ ಸೀಮೆಯ ಹಸುಗೂಸಿಗೂ ಗೊತ್ತು!

ರಾಣಿ ತಟಕ್ಕನೆ ಎದುರಿಗೆ ಹೋಗಿ ತುಟಿಯ ಮೇಲೆ ಬೆರಳಿಟ್ಟಳು. ಮಾವ ನುಡಿ ನುಂಗಿಕೊಂಡರು. ಹುಬ್ಬು ಹಾರಿಸಿ “ಏನು?” ಎಂದು ಸನ್ನೆ ಮಾಡಿದರು. ಅವಳು ಕೆಳಗಿಳಿ ಎಂದು ಕೈ ತೋರಿಸಿದಳು. ಅವರು ಕೆಳಭಾಗ ಒರೆಸು ಅಂತ ತಿಳಿದು, ಇನ್ನೊಂದು ಕೈಯನ್ನೂ ರೆಕ್ಕೆಗಳ ನಡುವೆ ತೂರಿಸಿದರು! ನಾನು ಮಹದೇವಪ್ಪನವರ ಬಾಯಿ ಬಿಟ್ಟು, ತೆವಳಿಕೊಂಡು ಹೋಗಿ ಸ್ಟೂಲಿನ ಕಾಲು ಹಿಡಿದೆ. ಹತ್ತೊಂಬತ್ತು ವರ್ಷದ ಅನುಭವವೆಲ್ಲ ಸೇರಿ ನನ್ನನ್ನು ಸ್ಟೂಲಿನ ಐದನೇ ಕಾಲು ಮಾಡಿತ್ತು!

ಆಗ ಕೇಳಿಸಿತು. ಬೀದಿಯ ಆ ತುದಿಯಿಂದ, ಸ್ಪೀಕರಿನಲ್ಲಿ, ಹೆಣ್ಣುಧ್ವನಿಯಲ್ಲಿ: “ಹಸಿ ಕಸ, ಒಣ ಕಸ, ಬೇರೆ ಬೇರೆ ಮಾಡಿ ಗಾಡಿಗೆ ಹಾಕಿ... ಹಾಕಿ... ಹಾಕಿ...”

ಕಸದ ಗಾಡಿ!

ಎರಡು ದಿನದ ಹಿಂದೆ ಇದೇ ಗಾಡಿ ಮನೆಮುಂದೆ ಹಾದಾಗ ಫ್ಯಾನು ತಾನಾಗಿ ತಿರುಗಿದ್ದು ನೆನಪಾಯಿತು. ಗಾಡಿ ಒಂದೊಂದು ಮನೆಯ ಮುಂದೆಯೂ ನಿಂತು ನಿಂತು ಬರುತ್ತಿತ್ತು. ನಾಲ್ಕು ಮನೆಯಾಚೆ. ಮೂರು ಮನೆಯಾಚೆ. ‘ಹಾಕಿ’ ದೊಡ್ಡದಾಗುತ್ತಿತ್ತು. ಗಾಜಿನಲ್ಲಿ ಕೆಂಪು ಚುಕ್ಕೆಯೊಂದು ಮಿಣಕ್ ಎಂದಿತು. ಅಂದರೆ ಅದು ಕೇಳಿಸಿಕೊಳ್ಳಲು ಶುರುಮಾಡಿದೆ! ದೇವರೇ, ಈ ಮುದುಕರ ಕೈಗೇನಾದರೂ ಆದರೆ ನಾನು ಈ ಮನೆಯಲ್ಲಿ ಹೇಗೆ ಬದುಕಲಿ?

ರಾಣಿ ಮಹದೇವಪ್ಪನವರ ಕಡೆ ತಿರುಗಿದಳು. ಬೀದಿ ತೋರಿಸಿದಳು. ಅಂಗೈ ಅಡ್ಡ ಹಿಡಿದು ‘ತಡೆಯಿರಿ’ ಎಂದಳು. ಅಪ್ಪನನ್ನು ತೋರಿಸಿ ಕೈಮುಗಿದಳು. ಒಂದು ಶಬ್ದವಿಲ್ಲ! ಆ ದೊಡ್ಡಮನುಷ್ಯರಿಗೆ ಏನು ಅರ್ಥವಾಯಿತೋ, ಪಂಚೆ ಎತ್ತಿಕಟ್ಟಿ ಬರಿಗಾಲಲ್ಲಿ ಓಡಿದರು. ಸ್ಟೂಲಿನ ಕಾಲು ಬಿಡದೆಯೇ ಕಿಟಕಿಯಿಂದ ನೋಡಿದೆ: ಕಸದ ಗಾಡಿಯ ಎದುರು ಎರಡೂ ಕೈ ಚಾಚಿ ನಿಂತಿದ್ದಾರೆ, ಡ್ರೈವರು ತಲೆ ಹೊರಹಾಕಿ ಜಗಳಕ್ಕೆ ನಿಂತಿದ್ದಾನೆ. ಸ್ಪೀಕರು ಗಕ್ಕನೆ ನಿಂತಿತು.

ಇತ್ತ ರಾಣಿ ಅಪ್ಪನ ಕಡೆ ನೋಡಿ, ಐದು ಬೆರಳು ಕೂಡಿಸಿ ಬಾಯಿಗೊಯ್ದಳು. ಊಟ! ಬೆಳಗಿನ ಬಸ್ಸಿಗೆ ಹೊರಟು ಹಸಿದಿದ್ದ ಮಾವನಿಗೆ ಈ ಭಾಷೆ ತಕ್ಷಣ ಅರ್ಥವಾಯಿತು. ಮುಖ ಅರಳಿತು. ಒಂದು ಕೈ ಹೊರಬಂತು. ಇನ್ನೊಂದು ಬಂತು. ಬಟ್ಟೆಯನ್ನು ರೆಕ್ಕೆಯ ಮೇಲೇ ಬಿಟ್ಟರು. ತಲೆ ಬಗ್ಗಿಸಿದರು. ಟವಲು ಸಿಕ್ಕಿಕೊಂಡಿತು! ರಾಣಿ ಮಂಚ ಹತ್ತಿ, ತುದಿಗಾಲಲ್ಲಿ ನಿಂತು, ರೇಷ್ಮೆಗೂಡಿನಿಂದ ನೂಲು ಬಿಡಿಸುವಷ್ಟು ನಾಜೂಕಾಗಿ ಬಿಡಿಸಿದಳು. ಮಾವ ಸ್ಟೂಲಿನಿಂದ ಮಂಚಕ್ಕೆ, ಮಂಚದಿಂದ ನೆಲಕ್ಕೆ ಇಳಿದರು. ರಾಣಿಯೂ ಕೆಳಕ್ಕೆ ಧುಮುಕಿದಳು. ನಾನು ಮಾವನನ್ನು ತಬ್ಬಿಕೊಂಡು ಗೋಡೆಗೆ ಸರಿಸಿದೆ.

ಅವರಿಗೆ ಆಶ್ಚರ್ಯ. “ಯಾಕ್ರಪ್ಪಾ ಎಲ್ರೂ ಮೂಗ್ರಂಗೆ ಆಡ್ತೀರಿ? ಅವ್ವಾ, ಊಟ ಆಕ್ಬುಟ್ಯಾ?”

ಗರ್ರ್ರ್! ಫ್ಯಾನು ಐದನೇ ನಂಬರಿನಲ್ಲಿ ಸುತ್ತಿತು. ರೆಕ್ಕೆಯ ಮೇಲಿದ್ದ ಒದ್ದೆ ಬಟ್ಟೆ ಎರಡು ಸುತ್ತು ಹಾಕಿ, ಹಾರಿ ಬಂದು ನನ್ನ ಮುಖಕ್ಕೆ ಫಟಾರ್ ಎಂದು ಬಡಿಯಿತು. ಆರು ತಿಂಗಳ ಧೂಳು, ಜೇಡರ ಬಲೆ ಸಮೇತ! ಸ್ಟೂಲು ಇದ್ದ ಜಾಗದ ಮೇಲೆ ರೆಕ್ಕೆಗಳು ಕಾಣದ ಹಾಗೆ ತಿರುಗುತ್ತಿದ್ದವು. ಮಾವ ಅದನ್ನೇ ನೋಡಿದರು. ನಗು ಮೆಲ್ಲಗೆ ಆರಿತು. ತಮ್ಮ ಎರಡೂ ಅಂಗೈಗಳನ್ನು ಮುಂದೆ ಹಿಡಿದು, ಒಮ್ಮೆ ತಿರುಗಿಸಿ ನೋಡಿಕೊಂಡು, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

“ತಪ್ಪಾಯ್ತು ಮಾವ” ಅಂದೆ.

“ಬುಡಿ ಅಳಿಯಂದ್ರೆ,” ಅಂದರು. “ಕೈ ಎರಡೂ ಇಲ್ಲೇ ಅವೆ. ಊಟ ಮಾಡವ.”

ನಾನು ಮಂಚ ಎಳೆದು, ಯುಪಿಎಸ್ ಆರಿಸಿ, ಗೋಡೆಯ ಗಾಜನ್ನು ಬುಡಸಮೇತ ಕಿತ್ತೆ. ಅದೇ ಹೊತ್ತಿಗೆ ಮಹದೇವಪ್ಪನವರು ಬೆವರು ಒರೆಸಿಕೊಳ್ಳುತ್ತ ಒಳಬಂದರು. ಮುಖ ತೊಳೆಯದೆಯೇ ಅವರಿಗೆ ಇದ್ದದ್ದನ್ನೆಲ್ಲ ಇದ್ದಂತೆ ಹೇಳಿದೆ. “ಈ ಸ್ವಿಚ್ಚು ನಿಮ್ಮ ಮಂಟಪಕ್ಕೆ ಬೇಡ ಸಾರ್.”

“ಅದು ನಾನ್ ಹೇಳ್ಬೇಕಾದ ಮಾತು ಕಣಪ್ಪ” ಅಂದರು. ಆಮೇಲೆ ರಾಣಿಯ ಕಡೆ ತಿರುಗಿದರು. “ಅಲ್ಲ ಕಣವ್ವ, ನಮ್ಮನೇಲಿ ನಾನು ಹತ್ತು ಸಲ ಕೂಗಿದ್ರೂ ಯಾರೂ ಅಲ್ಲಾಡಲ್ಲ. ನೀನು ಒಂದ್ ಮಾತೂ ಆಡ್ದೆ ಅಪ್ಪ ಅವ್ವ ಇಬ್ರ ಬಾಯೂ ಮುಚ್ಚಿಸ್ದೆ, ನನ್ನ ಬರಿಗಾಲಲ್ಲಿ ಓಡಿಸ್ದೆ! ಮದುವೆ ಮನೇಲಿ ಸಾವಿರ ಜನ ಒಂದೇ ಸಲ ಮಾತಾಡ್ತಾರೆ. ಸ್ವಿಚ್ಚು ಯಾವ್ದಾದ್ರೂ ಆಯ್ತದೆ. ನಮ್ ಮಂಟಪಕ್ಕೆ ನೀನೇ ಮೇನೇಜರ್ ಆಗಿ ಬಂದ್ಬುಡು!”

ರಾಣಿ ಸೆರಗಿಗೆ ಕೈ ಒರೆಸಿಕೊಂಡು ಯೋಚಿಸಿದಳು. “ಬತ್ತೀನಿ ಅಣ್ಣ. ಆದ್ರೆ ಅಲ್ಲಿ ವೈರಿಂಗ್ ಕೆಲ್ಸ ಇವ್ರಿಗೇ ಕೊಡ್ಬೇಕು.”

ನನ್ನ ಕಣ್ಣು ತುಂಬಿ ಬಂತು. ಎಷ್ಟಾದರೂ ಕೈಹಿಡಿದವಳು! ಇಂಥ ಹೊತ್ತಿನಲ್ಲೂ ಗಂಡನ ಕೆಲಸದ ಮೇಲೆ ಎಂಥ ನಂಬಿಕೆ!

“ಅಷ್ಟು ಚೆಂದಾಗಿ ಮಾಡ್ತಾರಾ?” ಅಂದರು ಮಹದೇವಪ್ಪ.

“ಚೆಂದಾಗಿ ಅಂತಲ್ಲ ಅಣ್ಣ,” ಅಂದಳು ರಾಣಿ. “ನಾನ್ ಆಚೆ ಹೋದ್ರೆ ಮನೇಲಿ ಒಬ್ರೇ ಕೂತು ಇನ್ನೇನಾದ್ರೂ ಕಂಡುಹಿಡ್ದುಬುಡ್ತಾರೆ. ಕಣ್ ಮುಂದೆ ಇದ್ರೆ ವಾಸಿ!”