ಮಿಲಿಟ್ರಿ ಅನಸೂಯಮ್ಮ

ಲಕ್ಷ್ಮೀನರಸಿಂಹ ಮೇಷ್ಟ್ರು ಹಳೇಕೋಟೆಯಲ್ಲಿ ಕಾರು ನಿಲ್ಲಿಸಿ, "ಮಿಲಿಟ್ರಿ ಅನಸೂಯಮ್ಮನ ಮನೆ ಎಲ್ಲಿ?" ಎಂದು ಕೇಳಬಾರದಿತ್ತು. ಯೋಧನ ಹೆಂಡತಿ ಅನಸೂಯಮ್ಮ ಎಂದು ಕೇಳಿದ್ದರೆ ಆ ಭಾನುವಾರ ತಣ್ಣಗೆ ಕಳೆದುಹೋಗುತ್ತಿತ್ತು.

ಹೊಳೆನರಸೀಪುರದಲ್ಲಿ ಸಂಸ್ಕೃತ ಪಾಠ ಹೇಳುವ ಮೇಷ್ಟ್ರು, ಯೋಧರ ಕುಟುಂಬಗಳಿಗೆ ನೆರವಾಗುವ ಹಾಸನದ ಸಂಘವೊಂದಕ್ಕೆ ಹೊಸದಾಗಿ ಸೇರಿದ್ದರು. ಗಡಿಯಲ್ಲಿ ಮಡಿದವರ ಪತ್ನಿಯರಿಗೆ ಅಂದು ಸನ್ಮಾನವಿತ್ತು. ಈ ವರ್ಷವಷ್ಟೇ ಪಟ್ಟಿಗೆ ಸೇರಿದ ಹಳೇಕೋಟೆಯ ಅನಸೂಯಮ್ಮ ಫೋನ್ ಎತ್ತುತ್ತಿಲ್ಲ, ಹೋಗಿ ಕರೆತನ್ನಿ ಎಂದು ಸಂಘದ ಅಧ್ಯಕ್ಷ, ನಿವೃತ್ತ ಸುಬೇದಾರ್ ಈಶ್ವರಯ್ಯ ಪೆರೇಡಿನ ದನಿಯಲ್ಲಿ ಹೇಳಿದ್ದರು. ಆ ದನಿಗೆ ಮೇಷ್ಟ್ರು ಯಾವತ್ತೂ ಇಲ್ಲ ಅಂದವರಲ್ಲ.

ಊರಿನಲ್ಲಿ ಆ ಹೆಸರಿನವರು ಇಬ್ಬರಿದ್ದರು. ಮಿಲಿಟ್ರಿ ಎಂಬ ಮಾತು ಕಿವಿಗೆ ಬಿದ್ದದ್ದೇ, ಕಟ್ಟೆಯ ಮೇಲಿದ್ದ ಭೀಮ ಎಂಬಾತ ಯಾರೂ ಕರೆಯದೆ ಕಾರು ಹತ್ತಿ ಕುಳಿತು, ಮಾಂಸದೂಟದ ಮಿಲಿಟ್ರಿ ಹೋಟೆಲ್ ನಡೆಸುವ ಅನಸೂಯಮ್ಮನ ಹಿತ್ತಿಲಿಗೆ ದಾರಿ ತೋರಿಸಿದ. ಹೋಟೆಲಿನ ಬೋರ್ಡು ಮುಂಬಾಗಿಲ ಕಡೆಗಿತ್ತು. ಜನ್ಮದಲ್ಲಿ ಮಾಂಸ ಮುಟ್ಟದ ಮೇಷ್ಟ್ರಿಗೆ ಕಂಡದ್ದು ಈರುಳ್ಳಿ ಹೆಚ್ಚುತ್ತ ಕಣ್ಣೊರೆಸಿಕೊಳ್ಳುತ್ತಿದ್ದ ಒಬ್ಬ ಹೆಂಗಸು ಮಾತ್ರ. ಅವರ ಕರುಳು ಚುರುಕ್ ಎಂದಿತು.

"ಯಜಮಾನರು ಹೋದದ್ದು..." ಎಂದು ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿದರು.

"ಊಂ ಸಾ, ಓದ್ರು. ಯೋಳ್ದೆ ಕೇಳ್ದೆ ಓಗ್ಬುಟ್ರು. ಈಗ ಎಲ್ಲಾ ನನ್ ತಲೆ ಮ್ಯಾಲೆ."

ಆಕೆಯ ಗಂಡ ಹೋಗಿದ್ದು ಚನ್ನರಾಯಪಟ್ಟಣಕ್ಕೆ, ಕುರಿ ತರಲು.

ಒಬ್ಬರೇ ಹೇಗೆ ನಿಭಾಯಿಸುತ್ತೀರಿ ಎಂದು ಮೇಷ್ಟ್ರು ಕೇಳಿದರು. ಅಭ್ಯಾಸವಾಗಿಹೋಗಿದೆ ಎಂದಳು. ಹಾಸನದಲ್ಲಿ ಮಿಲಿಟ್ರಿಯವರು, ಅವರ ಮನೆಯವರು ನೂರು ಜನ ನಿಮಗಾಗಿಯೇ ಕಾಯುತ್ತಿದ್ದಾರೆ, ನೀವು ಬರದೆ ಏನೂ ಆರಂಭವಾಗುವುದಿಲ್ಲ ಎಂದಾಗ ಆಕೆಯ ಮುಖ ಪೂರಿಯಂತೆ ಉಬ್ಬಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೋಡಿದಳು. ಭಾನುವಾರದ ವ್ಯಾಪಾರಕ್ಕೆಂದು ಬೇಯಿಸಿ ಮುಚ್ಚಿಟ್ಟಿದ್ದ ಪಾತ್ರೆಗಳನ್ನು ಭೀಮ ಹೊತ್ತು ತಂದು ಡಿಕ್ಕಿ ತುಂಬಿಸಿ, ಉಳಿದವನ್ನು ಹಿಂದಿನ ಸೀಟಿಗೇರಿಸಿದ. ಏನಿದೆ ಎಂದರೆ ಸಾರು, ಮುದ್ದೆ ಎಂದ. ಗಂಡನನ್ನು ಕಳೆದುಕೊಂಡ ಜೀವ ಸೈನಿಕರಿಗೆ ತಾನೇ ಅಡುಗೆ ಮಾಡಿಕೊಂಡು ಹೊರಟಿದೆಯಲ್ಲ ಎಂದು ಮೇಷ್ಟ್ರ ಕಣ್ಣು ತುಂಬಿತು. ದಾರಿಯುದ್ದಕ್ಕೂ ಕಾರಿನಲ್ಲಿ ಏನೋ ಘಾಟು. ಅದು ಯಾವ ಸಾರಿನ ಪುಡಿಯೆಂದು ತಿಳಿಯಲಿಲ್ಲ. ದುಃಖದಲ್ಲಿರುವವರನ್ನು ಸಾರಿನ ಪುಡಿಯ ವಿಷಯ ಕೇಳಬಾರದೆಂದು ಕಿಟಕಿ ಇಳಿಸಿಕೊಂಡರು.

ಸಭಾಂಗಣ ಮುಟ್ಟಿದಾಗ ಹೊತ್ತಾಗಿತ್ತು. ಈಶ್ವರಯ್ಯ ಆಕೆಯನ್ನು ನೇರ ವೇದಿಕೆಗೆ ಕರೆದೊಯ್ದು ಶಾಲು ಹೊದಿಸಿದರು, ಹಾರ ಹಾಕಿದರು. ಪಟ್ಟಣದವರು ಅಡುಗೆಯವರಿಗೆ ಇಷ್ಟೊಂದು ಮರ್ಯಾದೆ ಕೊಡುತ್ತಾರಲ್ಲ ಎಂದು ಅನಸೂಯಮ್ಮ ಬೆರಗಾದಳು. ಯಜಮಾನರ ಬಗ್ಗೆ ಎರಡು ಮಾತು ಹೇಳಿ ಎಂದು ಕೈಗೆ ಮೈಕು ಕೊಟ್ಟಾಗಲಂತೂ ಪೂರ್ತಿ ತಬ್ಬಿಬ್ಬಾದಳು.

"ಏನ್ ಯೋಳ್ಲಿ ಸಾ? ಕುರಿ ತತ್ತೀನಿ ಅಂತ ಚನ್ರಾಯಪಟ್ಣಕ್ಕೆ ಓದೋರು ಇನ್ನೂ ಬಂದಿಲ್ಲ. ಮುದ್ದೆ ಆರೋಯ್ತದೆ, ಮೊದ್ಲು ಎಲೆ ಆಕ್ಸಿ."

ಈಶ್ವರಯ್ಯ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಫ್ಯಾನು ನೋಡಿದರು.

ಆಗ ಹಿಂದಿನ ಸಾಲಿನಲ್ಲಿ ವಯಸ್ಸಾದ ಹೆಂಗಸೊಬ್ಬರು ನಕ್ಕರು. ತಡೆಯಲಾರದೆ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರೇ ಯೋಧನ ಹೆಂಡತಿ ಅನಸೂಯಮ್ಮ. ಫೋನ್ ಕೆಟ್ಟಿತ್ತು, ಬೆಳಗಿನ ಬಸ್ಸಿಗೆ ತಾವೇ ಬಂದು ಕುಳಿತಿದ್ದರು.

ಹೋಟೆಲಿನ ಅನಸೂಯಮ್ಮನಿಗೆ ಅವರನ್ನು ಕಂಡಾಗಲೇ ನಡೆದದ್ದು ಹೊಳೆದದ್ದು. ಮುಖ ಬಿಳಿಚಿಕೊಂಡು, ಗಡಿಬಿಡಿಯಲ್ಲಿ ಶಾಲು ತೆಗೆದು ಅವರಿಗೆ ಹೊದಿಸಲು ಬಂದಳು. ಆ ಹಿರಿಯರು ಕೈ ಹಿಡಿದು ತಡೆದರು.

"ಇರ್ಲಿ ಬುಡು ತಾಯಿ. ವರ್ಸಾ ವರ್ಸಾ ಒಂದೊಂದ್ ಸಂಘದೋರು ಕರ್ದು ಶಾಲು ಒದ್ಸಿ ಅಳುಸ್ತಾರೆ. ಪೆಟ್ಗೆ ತುಂಬಾ ಶಾಲೇ ಅವೆ. ನಮ್ಮೋರು ರಜಕ್ ಬಂದ್ರೆ ಮೊದ್ಲು ನಿಮ್ಮತ್ತೆ ಕೈ ಸಾರು ಉಣ್ಣಾಕೆ ಬರೋರು. ಬಾ, ಎಲ್ರೂ ಕುಂತ್ಕಂಡು ಉಣ್ಣವಾ."

ಎಲೆ ಹಾಕಿದರು. ಅರಕಲಗೂಡಿನಿಂದ ಬಂದಿದ್ದ, ಎಂದೂ ತುಟಿ ಬಿಚ್ಚದ ಹೆಣ್ಣುಮಕ್ಕಳು ಪಕ್ಕದವರೊಡನೆ ಮಾತಿಗಿಳಿದರು, ತಮ್ಮ ಗಂಡಂದಿರು ಏನೇನು ಇಷ್ಟಪಡುತ್ತಿದ್ದರೆಂದು ಹೇಳಿಕೊಂಡರು, ಎರಡನೆಯ ಸಲ ಸಾರು ಕೇಳಿದರು. ಪಾತ್ರೆಯ ಮುಚ್ಚಳ ತೆಗೆದಾಗಲೇ ಮೇಷ್ಟ್ರು ಹೊರಗೆ ಓಡಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರು. ಹೊಟ್ಟೆ ಹಸಿದಿತ್ತು, ಮಾನ ಹೋಗಿತ್ತು. ಒಂದೇ ಸಮಾಧಾನವೆಂದರೆ, ಇಷ್ಟಾದ ಮೇಲೆ ಸಂಘದವರು ತಮ್ಮನ್ನು ಖಂಡಿತ ಇಟ್ಟುಕೊಳ್ಳುವುದಿಲ್ಲ.

ಊಟ ಮುಗಿಯುತ್ತ ಬಂದಾಗ ಈಶ್ವರಯ್ಯನವರ ಮುಂದೆ ನಿಂತು, ದೊಡ್ಡ ತಪ್ಪಾಯಿತು, ನನ್ನನ್ನು ಬಿಟ್ಟುಬಿಡಿ ಎಂದು ಕೈಮುಗಿದರು.

"ಬಿಡೋದಾ?" ಈಶ್ವರಯ್ಯ ಮೂಳೆ ಚೀಪುವುದನ್ನು ನಿಲ್ಲಿಸಿದರು. "ಇಷ್ಟು ವರ್ಷದಲ್ಲಿ ಇವರೆಲ್ಲ ಹೀಗೆ ನಕ್ಕಿದ್ದು ನಾನು ನೋಡೇ ಇರ್ಲಿಲ್ಲ ಮೇಷ್ಟ್ರೆ. ತೀರ್ಮಾನ ಆಗೋಯ್ತು. ಇನ್ಮೇಲೆ ಶಾಲು ಇಲ್ಲ, ತಿಂಗಳಿಗೊಂದು ಬಾಡೂಟ. ಉಸ್ತುವಾರಿ ಪೂರ್ತಿ ನಿಮ್ಮದೇ."

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಹೋಟೆಲಿನ ಅನಸೂಯಮ್ಮ ಕೈ ಒರೆಸಿಕೊಳ್ಳುತ್ತ ಬಂದಳು.

"ಕುರಿ ಆರ್ಸಾಕೆ ನಮ್ಮೆಜಮಾನ್ರ ಜೊತೆ ನೀವೂ ಬರ್ಬೇಕು ಸಾ. ಹಲ್ಲು ನೋಡಿ ವಯಸ್ಸು ಯೋಳಾದು ಎಂಗೆ ಅಂತ ಅವ್ರೇ ಕಲುಸ್ತಾರೆ."